ಕುಣಿಯಿಂದ ಮೇಜಿಗೆ

ನನಗೊಂದು ಚಟವಿದೆ. ಎಲೆ, ಬೀಡಿ, ಇಸ್ಪೀಟು ಅಂತ ನೀವು ಊಹಿಸುತ್ತಿದ್ದರೆ ಅಲ್ಲ. ಅವೆಲ್ಲ ಬಂದು ಒಂದಷ್ಟು ವರ್ಷ ಇದ್ದು ಹೋದವು. ಇದು ಮಾತ್ರ ಹೋಗಲೊಲ್ಲದು. ಕಂಪ್ಯೂಟರಿನ ಮುಂದೆ ಕುಳಿತರೆ ಎರಡು ನಿಮಿಷಕ್ಕೊಮ್ಮೆ ನನ್ನ ಎಡಗೈ ತಾನಾಗಿಯೇ ಹೋಗಿ ಸೇವ್ ಮಾಡಿಬಿಡುತ್ತದೆ. ಹೊಸದಾಗಿ ಒಂದು ಗೆರೆಯನ್ನೂ ಎಳೆದಿರುವುದಿಲ್ಲ. ಚಹಾ ಕುಡಿಯುತ್ತ ಗೋಡೆಯ ಮೇಲಿನ ಹಲ್ಲಿ ನೋಡುತ್ತ ಕುಳಿತಿರುತ್ತೇನೆ. ಆದರೂ ಸೇವ್. ಮೊನ್ನೆ ಬ್ಯಾಂಕಿನಲ್ಲಿ ನನ್ನ ಹೆಸರು ತಿದ್ದುತ್ತಿದ್ದ ಹುಡುಗಿಗೆ ಸೇವ್ ಮಾಡಿದೆಯೇನವ್ವ ಅಂತ ನಾಲ್ಕು ಸಲ ಕೇಳಿದೆ. ಐದನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಆಕೆ ನನ್ನ ಪಾಸ್‌ಬುಕ್ ಕೈಗಿಟ್ಟು ಮುಂದಿನವರನ್ನು ಕರೆದಳು.

ಅಷ್ಟೇ ಆಗಿದ್ದರೆ ಪರವಾಗಿಲ್ಲ. ಮಗಳ ಮದುವೆಯ ಮಾತುಕತೆಯಲ್ಲಿ ಬೀಗರು ಹೂಂ ಅಂದ ಕೂಡಲೇ ನನ್ನ ಎಡಗೈಯ ಎರಡು ಬೆರಳು ತೊಡೆಯ ಮೇಲೆ ಕಂಟ್ರೋಲ್ ಮತ್ತು ಎಸ್ ಒತ್ತಿದ್ದವು. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ನನ್ನ ಹೆಂಡತಿ ನೋಡಿದ್ದಳು. ಆಕೆ ಎಲ್ಲವನ್ನೂ ನೋಡುತ್ತಾಳೆ.

ಈ ಚಟ ಹತ್ತಿದ್ದು ಮಕ್ತಲ್‌ನಲ್ಲಿ, ತೆಲಂಗಾಣ ರಾಜ್ಯ ಬಂದ ಮರುವರ್ಷ. ಅದನ್ನು ಹೇಳಬೇಕಾದರೆ ಮೊದಲು ಕುಣಿಯ ವಿಷಯ ಹೇಳಬೇಕು.

ನಾನು ನಾರಾಯಣಪೇಟೆಯ ನೇಕಾರ, ಹೆಸರು ಹಣಮಂತ. ನಮ್ಮಲ್ಲಿ ಕುಣಿಮಗ್ಗ. ನೋಡದವರಿಗಾಗಿ ಹೇಳುತ್ತೇನೆ: ಪಡಸಾಲೆಯ ನೆಲದಲ್ಲಿ ಮೊಣಕಾಲುದ್ದದ ಒಂದು ಕುಣಿ ತೋಡಿರುತ್ತದೆ. ನೇಕಾರ ಅದರ ಅಂಚಿಗೆ ಕುಳಿತು ಕಾಲನ್ನು ಒಳಗೆ ಇಳಿಬಿಡಬೇಕು. ತಳದಲ್ಲಿ ತುಳಿಯುವ ಹಲಗೆ ಎರಡು. ಎಡಗಾಲಿನಿಂದ ಒಂದನ್ನು ತುಳಿದರೆ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಅರ್ಧ ಎಳೆಗಳು ಮೇಲೇಳುತ್ತವೆ, ಆ ಸಂದಿಯಲ್ಲಿ ಲಾಳಿ ಓಡುತ್ತದೆ. ಬಲಗಾಲಿನಿಂದ ಇನ್ನೊಂದನ್ನು ತುಳಿದರೆ ಉಳಿದರ್ಧ ಏಳುತ್ತವೆ, ಲಾಳಿ ತಿರುಗಿ ಬರುತ್ತದೆ. ಕೈ ಕೆಲಸ ಎಲ್ಲರಿಗೂ ಕಾಣುತ್ತದೆ, ಹೊಗಳಿಕೆಯೂ ಕೈಗೇ. ಕಾಲು ಕತ್ತಲೆಯಲ್ಲಿ ಸುಮ್ಮನೆ ದುಡಿಯುತ್ತದೆ.

ಆ ಕುಣಿ ಬೇಸಿಗೆಯಲ್ಲಿ ಎಷ್ಟು ತಣ್ಣಗಿರುತ್ತದೆ ಅಂದರೆ, ಚಿಕ್ಕವನಿದ್ದಾಗ ಶಾಲೆ ತಪ್ಪಿಸಿ ನಾನು ಅದರೊಳಗೇ ಅಡಗುತ್ತಿದ್ದೆ. ಒಂದು ಸಲ ಅಡಗಿದಾಗ ಅಲ್ಲಿ ಮೊದಲೇ ಒಂದು ಕಪ್ಪೆ ಅಡಗಿತ್ತು. ಇಬ್ಬರೂ ಒಂದೇ ಸಲ ಹೊರಗೆ ಹಾರಿದೆವು, ಅಪ್ಪನಿಗೆ ಸಿಕ್ಕಿದ್ದು ನಾನು. ಅಪ್ಪ ಬೈಯದೆ ಅಂಚಿಗೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ನನ್ನ ಪಾದಗಳನ್ನು ತನ್ನ ಪಾದಗಳ ಮೇಲೆ ಇಟ್ಟುಕೊಂಡು ತುಳಿಯತೊಡಗಿದ. ನಾನು ಕಲಿತದ್ದು ಹಾಗೆ, ಅವನ ಕಾಲಿನ ಮೇಲೆ ಕಾಲಿಟ್ಟು. ಅಪ್ಪ ಎಳೆ ಎಣಿಸುವುದು ಕನ್ನಡದಲ್ಲಿ, ಎಳೆ ಹರಿದರೆ ಬೈಯುವುದು ತೆಲುಗಿನಲ್ಲಿ, ಸೀರೆ ಒಯ್ಯಲು ಬಂದ ಸಾಹುಕಾರನನ್ನು ಹೊಗಳುವುದು ಉರ್ದುವಿನಲ್ಲಿ. ಹರಿದ ಎಳೆಯನ್ನು ಎದುರಿಗಿದ್ದವನಿಗೆ ತಿಳಿಯದ ಭಾಷೆಯಲ್ಲೇ ಬೈಯಬೇಕು ಅನ್ನುತ್ತಿದ್ದ. ಆದರೆ ನಮ್ಮ ಓಣಿಯ ನಾಯಿಗೂ ಮೂರು ಭಾಷೆ ಬರುತ್ತಿತ್ತು.

ಅಪ್ಪನದು ಒಂದು ಕಟ್ಟಳೆಯಿತ್ತು. ಓಣಿಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ನೇಯುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಹೆಣ್ಣು ಕುಣಿಗೆ ಇಳಿಯುವಂತಿಲ್ಲ. ಅವರದು ರಾಟಿ. ನೂಲನ್ನು ಕಂಡಿಕೆಗೆ ಸುತ್ತಿ ಕೊಡುವುದು, ನಾವು ಆ ಕಂಡಿಕೆಯನ್ನು ಲಾಳಿಗೆ ಹಾಕಿ ನೇಯುವುದು. ಅವ್ವ ಸುತ್ತಿದಳು. ಆಮೇಲೆ ರಾಯಚೂರು ಕಡೆಯಿಂದ ಸೊಸೆಯಾಗಿ ಬಂದ ನನ್ನ ಹೆಂಡತಿ ಶಂಕ್ರಮ್ಮ ಸುತ್ತಿದಳು. ಅಪ್ಪ ತೀರಿಕೊಂಡ ಮೇಲೂ ಕಟ್ಟಳೆ ತೀರಿಕೊಳ್ಳಲಿಲ್ಲ, ಯಾಕೆಂದರೆ ಅದು ಇದೆ ಅನ್ನುವುದೇ ನನಗೆ ನೆನಪಿರಲಿಲ್ಲ.

ನಲವತ್ತನಾಲ್ಕಕ್ಕೆ ನನ್ನ ಮೊಣಕಾಲುಗಳು ಕೈಕೊಟ್ಟವು. ಕುಣಿಯಿಂದ ಏಳುವಾಗ ಬಲಮೊಣಕಾಲು ಹಳೆಯ ಬಾಗಿಲಿನ ಸದ್ದು ಮಾಡುತ್ತಿತ್ತು. ರಾಯಚೂರಿನ ಡಾಕ್ಟರರು ಫೋಟೋ ತೆಗೆಸಿ ಬೆಳಕಿಗೆ ಹಿಡಿದು, ಕುಣಿ ಬಿಡುತ್ತೀಯೋ ಕಾಲು ಬಿಡುತ್ತೀಯೋ ನೀನೇ ನೋಡು ಅಂದರು. ಕುಣಿ ಬಿಟ್ಟರೆ ನನಗೆ ಬರುವ ಬೇರೆ ವಿದ್ಯೆ ಅಂದರೆ ಊಟ ಮಾಡುವುದೊಂದೇ. ಏನು ಮಾಡುವುದಪ್ಪಾ ಅಂತ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗಲೇ ಸುದ್ದಿ ಬಂತು: ನೇಕಾರರಿಗೆ ಕಂಪ್ಯೂಟರಿನಲ್ಲಿ ಸೀರೆಯ ನಕ್ಷೆ ತೆಗೆಯಲು ಕಲಿಸುತ್ತಾರಂತೆ. ನಾರಾಯಣಪೇಟೆಯಿಂದ ಆರು ಜನ, ಗದ್ವಾಲಿನಿಂದ ಆರು ಜನ, ನಡುವೆ ಮಕ್ತಲ್‌ನಲ್ಲಿ ಒಂದೂವರೆ ತಿಂಗಳು. ಕೊನೆಗೆ ಪರೀಕ್ಷೆ. ಊರಿಗೊಬ್ಬರನ್ನು ಆರಿಸಿ ನಕ್ಷೆ ತೆಗೆಯುವ ಕೆಲಸ ಕೊಡುತ್ತಾರೆ. ಕುರ್ಚಿಯ ಮೇಲೆ ಕೂರುವ ಕೆಲಸ.

ಆ ಕುರ್ಚಿ ಅನ್ನುವ ಮಾತು ಕೇಳಿದ ದಿನದಿಂದ ನನಗೆ ಬೇರೆ ದೇವರಿರಲಿಲ್ಲ. ಶಂಕ್ರಮ್ಮನಂತೂ ನನಗಿಂತ ಹೆಚ್ಚು ಹಿಗ್ಗಿದಳು. ಅರ್ಜಿಗೆ ಫೋಟೋ ಅಂಟಿಸಿದವಳು ಆಕೆ, ನನ್ನ ಒಂದೇ ಒಂದು ಇಸ್ತ್ರಿ ಅಂಗಿ ಹುಡುಕಿ ತೆಗೆದವಳು ಆಕೆ. ಹೊರಡುವ ದಿನ ಬಾಗಿಲಲ್ಲಿ ನಿಂತು, ಪಾಸಾಗದೆ ಬಂದರೆ ಮನೆಯಲ್ಲಿ ರೊಟ್ಟಿ ಇಲ್ಲ ಅಂತ ಹೇಳಿಯೇ ಕಳಿಸಿದಳು. ಮೊಣಕಾಲಿನ ಮೇಲೆ ಎಷ್ಟು ಮಮತೆ ಅಂತ ನನ್ನ ಕಣ್ಣು ಒದ್ದೆಯಾಯಿತು.

ರಾಜ್ಯ ಹೊಸದಾದ್ದರಿಂದ ಎಲ್ಲೆಲ್ಲೂ ಬಣ್ಣದ ವಾಸನೆ. ಬೋರ್ಡಿನ ಮೇಲಿನ ಹಳೆಯ ರಾಜ್ಯದ ಹೆಸರಿಗೆ ಬಿಳಿ ಬಳಿದು ಹೊಸದನ್ನು ಬರೆಯುತ್ತಿದ್ದರು. ನಮ್ಮ ತರಬೇತಿಯ ಕೋಣೆಯ ಬೋರ್ಡಿನಲ್ಲಿ ಬಿಳಿ ಬಳಿಯುವುದು ಮುಗಿದಿತ್ತು, ಬರೆಯುವುದು ಆಗಿರಲಿಲ್ಲ. ಒಂದೂವರೆ ತಿಂಗಳು ನಾವು ಯಾವ ರಾಜ್ಯಕ್ಕೂ ಸೇರದ ಕೋಣೆಯಲ್ಲಿ ಕಲಿತೆವು.

ಕಲಿಸುವವರು ಗದ್ವಾಲಿನ ಸುಜಾತಾ ಮೇಡಂ, ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ. ನಮ್ಮನ್ನೆಲ್ಲ ಅಣ್ಣಾ ಅನ್ನುತ್ತಿದ್ದರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಪಾಠ. ಕೋಣೆಯಲ್ಲಿ ಆರು ಕಂಪ್ಯೂಟರ್. ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದು ಒಳಗೆ ಹೋದೆವು. ಮೇಡಂ ತೆರೆಯ ಮೇಲಿನ ಹಸಿರು ಗುಡ್ಡ, ನೀಲಿ ಆಕಾಶ, ಪುಟ್ಟ ಪುಟ್ಟ ಚಿತ್ರಗಳನ್ನು ತೋರಿಸಿ, ಇದಕ್ಕೆ ಡೆಸ್ಕ್‌ಟಾಪ್ ಅನ್ನುತ್ತಾರೆ, ಏನೂ ಹೆದರಬೇಡಿ, ಮನೆಯಲ್ಲಿ ನಿಮ್ಮ ಮೇಜು ಹೇಗಿರುತ್ತದೋ ಹಾಗೆ ಅಂದರು.

ನಾವು ಹನ್ನೆರಡು ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರ ಮನೆಯಲ್ಲೂ ಮೇಜಿರಲಿಲ್ಲ. ಗದ್ವಾಲಿನ ವೆಂಕಟಸ್ವಾಮಿ, ನಮ್ಮೆಲ್ಲರಿಗಿಂತ ಹಿರಿಯ, ಐವತ್ತೈದು ದಾಟಿದವನು, ಗಂಭೀರವಾಗಿ ಎದ್ದು ನಿಂತು ನಮ್ಮ ಮನೆಯಲ್ಲಿ ಮೇಜಿಲ್ಲ, ಕುಣಿ ಐತಿ ಅಂದ. ಮೇಡಂ ಸ್ವಲ್ಪ ಯೋಚಿಸಿ, ಹಾಗಾದರೆ ಕುಣಿ ಅಂತಲೇ ತಿಳಿದುಕೊಳ್ಳಿ ಅಂದರು. ಈ ಒಂದು ಮಾತು ಮುಂದೆ ಎಷ್ಟು ನಿಜವಾಯಿತೆಂದು ಆ ಪುಣ್ಯಾತ್ಗಿತ್ತಿಗೆ ಆಗ ಗೊತ್ತಿರಲಿಲ್ಲ.

ಇಲಿಯನ್ನು, ಅಂದರೆ ಮೌಸನ್ನು, ಒಂದು ಸಲ ಒತ್ತುವುದು ನಮಗೆ ಬರಲೇ ಇಲ್ಲ. ಎರಡು ಸಲ ಠಕ್ ಠಕ್ ಎಂದು ಬಾರಿಸುವುದು ಮಾತ್ರ ಮೊದಲ ದಿನವೇ ಬಂತು. ನೇಯ್ಗೆಯಲ್ಲಿ ಎಳೆ ಕೂರಿಸಲು ಎದುರಿನ ಪಟ್ಟಿಯನ್ನು ಎರಡೆರಡು ಸಲ ಬಡಿದ ಕೈ, ಒಂದೇ ಏಟಿಗೆ ನಿಲ್ಲುವ ಕೈಯಲ್ಲ. ಆಯ್ದುಕೊಳ್ಳಿ ಅಂದದ್ದೆಲ್ಲ ತೆರೆದುಕೊಳ್ಳುತ್ತಿತ್ತು. ಒಂದು ಗಂಟೆಯಲ್ಲಿ ತೆರೆಯ ಮೇಲೆ ಮೂವತ್ತು ಕಿಟಕಿ. ಮೇಡಂ ಒಂದೊಂದನ್ನೂ ಕೆಳಗಿಳಿಸಿದರು. ವೆಂಕಟಸ್ವಾಮಿಗೆ ಚಿಂತೆ ಹತ್ತಿತು: ಇಳಿದದ್ದೆಲ್ಲ ಎಲ್ಲಿ ಬೀಳುತ್ತದೆ? ಡಬ್ಬಿಯ ಹಿಂದೆ ಹೋಗಿ ನೋಡಿಯೂ ಬಂದ. ಕೊನೆಗೆ ನಾನೇ ಅವನಿಗೆ ತಿಳಿಯುವ ಹಾಗೆ ಹೇಳಿದೆ, ಲಾಳಿ ಹೋಗುವಾಗ ಕೆಳಗಿಳಿದ ಎಳೆ ಹರಿದಿರುವುದಿಲ್ಲ, ಕೆಳಗಿರುತ್ತದೆ ಅಷ್ಟೇ, ತುಳಿದರೆ ಮೇಲೆ ಬರುತ್ತದೆ ಅಂತ. ಮೇಡಂಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅದನ್ನು ಬರೆದುಕೊಂಡರು. ನಾನು ಅವತ್ತೇ ಪಾಸಾದಷ್ಟು ಬೀಗಿದೆ.

ಕೈ ಪಳಗಲಿ ಅಂತ ದಿನಾ ಊರಿನಿಂದ ಹೋಗಿಬರುವ ಬಸ್ಸಿನಲ್ಲೂ ಅಭ್ಯಾಸ ಮಾಡುತ್ತಿದ್ದೆ. ಬಳಸಿ ಸವೆದ ಒಂದು ಸಾಬೂನಿನ ತುಂಡು ನನ್ನ ಇಲಿ, ತೊಡೆಯೇ ಮೇಜು. ಉಟ್ಕೂರಿನಲ್ಲಿ ಹತ್ತಿ ಪಕ್ಕದಲ್ಲಿ ಕುಳಿತ ಹಣೆತುಂಬ ಭಂಡಾರದ ಅರಿಶಿನ ಬಳಿದಿದ್ದ ಮುದುಕ ನನ್ನ ಕೈಯನ್ನೇ ಬಹಳ ಹೊತ್ತು ನೋಡಿ, ಯಾವಾಗಿನಿಂದ ಹೀಗೆ ನಡುಗುತ್ತಿದೆ ಅಂತ ಮರುಕದಿಂದ ಕೇಳಿದ. ಮೈಲಾರನಿಗೆ ಹರಕೆ ಹೊತ್ತರೆ ನಿಲ್ಲುತ್ತದಂತೆ. ಕಂಪ್ಯೂಟರ್ ಕಲಿಯುತ್ತಿದ್ದೇನೆ ಅಂದೆ. ಅದಕ್ಕೂ ಹೊತ್ತುಕೋ ಅಂದ.

ಹರಕೆ ಹೊರುವ ಕಾಲ ಎರಡನೆಯ ವಾರಕ್ಕೇ ಬಂತು. ಅಷ್ಟು ಹೊತ್ತಿಗೆ ನಕ್ಷೆ ತೆಗೆಯುವ ಪಾಠ ಶುರುವಾಗಿತ್ತು. ತೆರೆಯ ತುಂಬ ಸಣ್ಣ ಸಣ್ಣ ಚೌಕ, ಒಂದೊಂದು ಚೌಕಕ್ಕೆ ಒಂದೊಂದು ಎಳೆ. ಬಣ್ಣ ತುಂಬುತ್ತ ಹೋದರೆ ಅಂಚಿನ ಗೋಪುರ ಏಳುತ್ತದೆ. ನಮ್ಮೂರ ಸೀರೆಯ ಗುರುತೇ ಆ ಗೋಪುರದಂಚು. ನಾನು ಮೈಮರೆತು ತುಂಬುತ್ತಿದ್ದೆ. ಗೋಪುರ ಅರ್ಧಕ್ಕೆ ಬಂದಿತ್ತು. ಟಪ್ ಅಂತ ತೆರೆ ಕಪ್ಪಾಯಿತು.

ಕರೆಂಟು ಹೋಯಿತೇನೋ ಅಂತ ಮೇಲೆ ನೋಡಿದರೆ ಫ್ಯಾನು ತಿರುಗುತ್ತಿದೆ. ಗುಂಡಿ ಒತ್ತಿದರೆ ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಎದ್ದು ಕುಳಿತಿತು. ಗೋಪುರ ಮಾತ್ರ ಇರಲಿಲ್ಲ. ಮತ್ತೆ ಶುರು ಮಾಡಿದೆ, ಮತ್ತೆ ಅರ್ಧಕ್ಕೆ ಟಪ್. ಅತ್ತ ಗದ್ವಾಲಿನವರ ಮೇಜಿನಿಂದಲೂ ಟಪ್. ಆ ವಾರವಿಡೀ ಕೋಣೆಯಲ್ಲಿ ಗೋಪುರಗಳು ಅರ್ಧಕ್ಕೆ ಕುಸಿದವು. ಕರೆಂಟು ಹೋದರೂ ನಡೆಸಬೇಕಾದ ಬ್ಯಾಟರಿಯ ಪೆಟ್ಟಿಗೆ ಬಂದಿತ್ತು, ಒಳಗಿನ ಬ್ಯಾಟರಿ ಬಂದಿರಲಿಲ್ಲ. ಮೇಡಂ ಎರಡು ನಿಮಿಷಕ್ಕೊಮ್ಮೆ ಸೇವ್ ಮಾಡಿ ಅಣ್ಣಾ ಅಂತ ಕೂಗುತ್ತ ಓಡಾಡಿದರು. ನನಗೆ ಚಟ ಹತ್ತಿದ್ದು ಅಲ್ಲಿ.

ಇದರಲ್ಲಿ ಹೊಟ್ಟೆ ಉರಿಸುವ ಒಂದು ಸಂಗತಿಯಿತ್ತು. ಇಬ್ಬರಿಗೊಂದು ಕಂಪ್ಯೂಟರ್; ನನ್ನ ಜೊತೆಗಾರ ಸಿದ್ದಲಿಂಗ. ನಮ್ಮೂರಿನ ಸೀರೆ ವ್ಯಾಪಾರಿಯ ಮಗ, ಬಿ.ಕಾಂ. ಓದಿದವನು, ಜನ್ಮದಲ್ಲಿ ಮಗ್ಗ ಮುಟ್ಟಿದವನಲ್ಲ. ನೇಕಾರರ ಪಟ್ಟಿಯಲ್ಲಿ ಅವನ ಹೆಸರು ಹೇಗೆ ಬಂತೆಂದು ಯಾರೂ ಕೇಳಲಿಲ್ಲ, ನೇಕಾರರಾಗಿ ನಾವು ವ್ಯಾಪಾರಿಯನ್ನು ಏನು ಕೇಳಿ ಅಭ್ಯಾಸ? ಅದೇ ಕಂಪ್ಯೂಟರ್, ಅದೇ ಕುರ್ಚಿ. ಸಿದ್ದಲಿಂಗ ಕುಳಿತರೆ ಗಂಟೆಗಟ್ಟಲೆ ನಡೆಯುತ್ತಿತ್ತು. ನಾನು ಕುಳಿತು ಐದು ನಿಮಿಷಕ್ಕೆ ಟಪ್.

"ಕಾಕಾ, ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ," ಅಂದ ಸಿದ್ದಲಿಂಗ ನಗುತ್ತ. "ಮಷಿನ್‌ಗೂ ಗೊತ್ತಾಗ್ತೈತಿ ನೋಡ್ರಿ, ಯಾರು ಓದ್ಯಾರ, ಯಾರು ಓದಿಲ್ಲ ಅನ್ನೂದು."

ನಾನು ನಕ್ಕುಬಿಟ್ಟೆ, ನಗಬಾರದಿತ್ತು. ಒಳಗೆ ಬಹಳ ನೋವಾಗಿತ್ತು, ಯಾಕೆಂದರೆ ಅವನು ಹೇಳಿದ್ದು ನಿಜವಿರಬಹುದೆಂದು ನನಗೂ ಅನಿಸಿತ್ತು. ಏಳನೆಯ ಇಯತ್ತೆ ಓದಿದವನ ಬೆರಳು ತಗುಲಿದ ಕೂಡಲೇ ಯಂತ್ರ ಕಣ್ಣು ಮುಚ್ಚಿಕೊಳ್ಳುತ್ತದೆ ಅಂದರೆ ಇನ್ನೇನು ಅಂದುಕೊಳ್ಳಲಿ? ನಾರಾಯಣಪೇಟೆಗೆ ಇದ್ದದ್ದು ಒಂದೇ ಕುರ್ಚಿ. ಅದು ಸಿದ್ದಲಿಂಗನ ಕಡೆಗೆ ವಾಲುವುದು ನನಗೆ ಕಣ್ಣಿಗೆ ಕಾಣುತ್ತಿತ್ತು.

ಮೇಡಂ ಮಿಸ್ತ್ರಿಯನ್ನು ಕರೆಸಿದರು. ಅವನು ಕುಳಿತು ನೋಡಿದ, ಚೆನ್ನಾಗಿ ನಡೆಯಿತು, ಚಹಾ ಕುಡಿದು ಹೋದ. ವೆಂಕಟಸ್ವಾಮಿ ಆರೂ ಕಂಪ್ಯೂಟರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ನಮ್ಮ ಪೈಕಿ ಬೀರಪ್ಪ ದೇವರ ಒಕ್ಕಲಿನ ಒಬ್ಬಾತ ಭಂಡಾರ ತಂದು ಕೀಲಿಮಣೆಯ ಮೇಲೆ ಧಾರಾಳವಾಗಿ ಎರಚಿದ. ಅರಿಶಿನ ಒಳಗಿಳಿದು ಉದ್ದನೆಯ ಗುಂಡಿ ಅಂಟಿಕೊಂಡಿತು, ಅವತ್ತಿನಿಂದ ಆ ಕಂಪ್ಯೂಟರಿನಲ್ಲಿ ಏನು ಬರೆದರೂ ಪದಗಳೆಲ್ಲ ಒಂದಕ್ಕೊಂದು ಅಪ್ಪಿಕೊಂಡೇ ಬಂದವು. ಟಪ್ ಅನ್ನುವುದು ನಿಲ್ಲಲಿಲ್ಲ.

ಪರೀಕ್ಷೆಗೆ ಹತ್ತು ದಿನ ಉಳಿದಾಗ ಶಂಕ್ರಮ್ಮನಿಗೆ ಸೋತು ಹೇಳಿದೆ. ನನಗೆ ಇದು ಒಲಿಯುವುದಿಲ್ಲ, ಮತ್ತೆ ಕುಣಿಗೇ ಇಳಿಯುತ್ತೇನೆ, ಕಾಲು ಹೋದರೆ ಹೋಗಲಿ ಅಂದೆ. ಆಕೆಯ ಮುಖ ಬಿಳಿಚಿತು. ಅಷ್ಟು ಗಾಬರಿಯಾದದ್ದನ್ನು ನಾನು ನೋಡಿರಲಿಲ್ಲ. ಕೂಡಲೇ ಎದ್ದು, ನೀರಿನ ಡ್ರಮ್ಮಿನ ಮೇಲೆ ಅಡ್ಡ ಹಲಗೆ ಹಾಕಿ, ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಗೋಡೆಗೆ ಮಗಳ ಹಳೆಯ ಪಾಟಿ ಒರಗಿಸಿ ಅದರ ಮೇಲೆ ಸುಣ್ಣದ ಕಡ್ಡಿಯಿಂದ ಚೌಕ ಎಳೆದಳು. ಕೂತುಕೊಳ್ಳಿ, ಇಲ್ಲೇ ರೂಢಿ ಮಾಡಿ ಅಂದಳು.

ಕುಳಿತೆ. ಸಾಬೂನು ಸರಿಸುತ್ತ ನಾನು ಹೇಳಿದ ಹಾಗೆ ಆಕೆ ಪಾಟಿಯ ಮೇಲೆ ಚೌಕ ತುಂಬುತ್ತಿದ್ದಳು. ಹೇಳಿದ ಹಾಗೆ ಅಂದರೆ ಪೂರ್ತಿ ನಿಜವಲ್ಲ. ನಾನು ಗೋಪುರಕ್ಕೆ ಹನ್ನೊಂದು ಮೆಟ್ಟಿಲು ಅಂದಾಗ ಆಕೆ ಒಂಬತ್ತೇ ತುಂಬಿದಳು. ಯಾಕೆಂದು ಕೇಳಿದರೆ, ಹನ್ನೊಂದು ಹಾಕಿದರೆ ಗೋಪುರದ ತುದಿ ಮೊಂಡಾಗುತ್ತದೆ, ತವರಿನಲ್ಲಿ ನಾನು ನೇಯುವಾಗ ಒಂಬತ್ತೇ ಹಾಕುತ್ತಿದ್ದೆ ಅಂದಳು. ತವರಿನಲ್ಲಿ ಆಕೆ ನೇಯುತ್ತಿದ್ದಳು ಅನ್ನುವುದು ನನಗೆ ಗೊತ್ತಿತ್ತು, ಆದರೆ ಗೊತ್ತಿದ್ದದ್ದು ಮರೆತು ಎಷ್ಟೋ ವರ್ಷವಾಗಿತ್ತು. ಎಣಿಸಿ ನೋಡಿದೆ. ಒಂಬತ್ತೇ ಸರಿ.

ಅಷ್ಟರಲ್ಲಿ ಹಲಗೆಯ ಕೆಳಗಿದ್ದ ನೀರಿನ ಚೊಂಬು ಉರುಳಿತು. ಆಕೆ ಎತ್ತಿಟ್ಟಳು. ಐದು ನಿಮಿಷಕ್ಕೆ ಮತ್ತೆ ಉರುಳಿತು. ಮೂರನೆಯ ಸಲ ಆಕೆ ಚೊಂಬು ಎತ್ತಲಿಲ್ಲ, ಬಗ್ಗಿ ಕುಳಿತು ಸುಮ್ಮನೆ ನೋಡಿದಳು.

"ಕಾಲು ಯಾಕ ತುಳಿಯಾಕ ಹತ್ತ್ಯಾವರಿ ನಿಮ್ಮವು?" ಅಂದಳು.

ನಾನು ತಲೆ ಬಗ್ಗಿಸಿ ನೋಡಿದೆ. ದೇವರಾಣೆ ಹೇಳುತ್ತೇನೆ, ಆ ಕ್ಷಣದವರೆಗೂ ನನಗೆ ತಿಳಿದಿರಲಿಲ್ಲ. ನನ್ನ ಎರಡೂ ಕಾಲು ನೀರಿನಲ್ಲಿ ನಿಂತು, ಇಲ್ಲದ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಿದ್ದವು. ಎಡ, ಬಲ, ಎಡ, ಬಲ. ಮೇಲೆ ಕೈ ಒಂದೊಂದು ಚೌಕ ತುಂಬಿದ ಹಾಗೆ ಕೆಳಗೆ ಅದಕ್ಕೊಂದು ತುಳಿತ.

ಮರುದಿನ ಮಕ್ತಲ್ ತಲುಪಿದವನೇ ಮೇಜಿನ ಕೆಳಗೆ ನುಗ್ಗಿದೆ. ಅಲ್ಲಿ ನೆಲದ ಮೇಲೆ ತಂತಿಗಳೆಲ್ಲ ಸೇರುವ ಉದ್ದನೆಯ ಪೆಟ್ಟಿಗೆ, ಅದರ ತುದಿಯಲ್ಲಿ ಕೆಂಪು ದೀಪದ ಒಂದು ಸ್ವಿಚ್ಚು. ಒಂದು ಮಗ್ಗುಲು ಒತ್ತಿದರೆ ಆರುತ್ತದೆ, ಇನ್ನೊಂದು ಮಗ್ಗುಲು ಒತ್ತಿದರೆ ಹತ್ತುತ್ತದೆ. ಪೆಟ್ಟಿಗೆಯ ಮೇಲೆಲ್ಲ ಬೆರಳು ದಪ್ಪದ ಧೂಳು, ಸ್ವಿಚ್ಚು ಮಾತ್ರ ಉಜ್ಜಿ ತೊಳೆದಷ್ಟು ಸ್ವಚ್ಛ. ಪಕ್ಕದ ಧೂಳಿನಲ್ಲಿ ನನ್ನ ಎರಡು ಹೆಬ್ಬೆರಳುಗಳ ಗುರುತು. ಎಡಗಾಲು ಆರಿಸುತ್ತಿತ್ತು, ಬಲಗಾಲು ಆ ಕ್ಷಣವೇ ಹತ್ತಿಸುತ್ತಿತ್ತು, ಹಾಗಾಗಿ ಯಾರೇ ಬಗ್ಗಿ ನೋಡಿದರೂ ಕೆಂಪು ದೀಪ ಉರಿಯುತ್ತಲೇ ಇರುತ್ತಿತ್ತು. ಆರೂ ಮೇಜಿನ ಕೆಳಗೆ ಇದೇ ಕತೆ. ಹನ್ನೊಂದು ನೇಕಾರರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬರಿಗಾಲಿನಲ್ಲಿ ಕಂಪ್ಯೂಟರನ್ನು ನೇಯುತ್ತಿದ್ದೆವು. ಮಗ್ಗ ಮುಟ್ಟದ ಸಿದ್ದಲಿಂಗನ ಕಾಲು ಮಾತ್ರ ದೊಡ್ಡ ಮನುಷ್ಯರ ಕಾಲಿನ ಹಾಗೆ ಸುಮ್ಮನಿರುತ್ತಿತ್ತು. ಮೇಡಂ ನಕ್ಕರು ನೋಡಿ, ನಗುತ್ತ ನಗುತ್ತ ಹೊರಗೆ ಹೋಗಿ ಮುಖ ತೊಳೆದು ಬಂದು ಮತ್ತೆ ನಕ್ಕರು.

ಸರಿ, ಕಾಲು ಆಡಿಸಬಾರದು ಅಂತ ತೀರ್ಮಾನವಾಯಿತು. ಎಲ್ಲರೂ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆವು. ಕೋಣೆ ಭಜನಾ ಮಂದಿರದಂತೆ ಕಾಣುತ್ತಿತ್ತು. ಈಗ ಹೊಸ ಫಜೀತಿ: ಕೈ ನಿಂತುಬಿಟ್ಟವು. ಇಲಿಯ ಮೇಲೆ ಕೈ ಇದೆ, ಯಾವ ಚೌಕ ತುಂಬಬೇಕೆಂದು ತಲೆಗೆ ಗೊತ್ತಿದೆ, ಬೆರಳು ಏಳಲೊಲ್ಲದು. ವೆಂಕಟಸ್ವಾಮಿ ತನ್ನ ಕಾಲುಗಳನ್ನು ಟವೆಲಿನಿಂದ ಕುರ್ಚಿಗೆ ಕಟ್ಟಿಸಿಕೊಂಡು ನೋಡಿದ. ಅರ್ಧ ಗಂಟೆಯಲ್ಲಿ ಎರಡು ಚೌಕ ತುಂಬಿ, ಬಿಚ್ಚಿರಪ್ಪ, ಉಸಿರು ಕಟ್ಟುತ್ತದೆ ಅಂದ. ನಲವತ್ತು ವರ್ಷ ಕಾಲು ಹೇಳಿದ ಮೇಲೆ ಕೈ ಮಾಡಿದೆ. ಕಾಲು ಬಾಯಿ ಮುಚ್ಚಿದರೆ ಕೈ ಯಾರ ಮಾತು ಕೇಳಬೇಕು?

ಮೇಡಂ ಬಹಳ ಓದಿದವರು, ಆದರೂ ಜಾಣೆ. ಕಾಲನ್ನು ಬಿಟ್ಟು ಪೆಟ್ಟಿಗೆಯನ್ನು ಎತ್ತಿಸಿದರು. ನಾವೇ ಮನೆಯಿಂದ ಮಗ್ಗದ ಹಗ್ಗ ತಂದು ಆರೂ ಪೆಟ್ಟಿಗೆಗಳನ್ನು ಕಿಟಕಿಯ ಸರಳಿಗೆ ಕಟ್ಟಿದೆವು. ಆಮೇಲೆ ಮೇಜಿನ ಕೆಳಗೆ ಮನಸಾರೆ ತುಳಿಯುತ್ತ, ಮೇಲೆ ಗೋಪುರದ ಮೇಲೆ ಗೋಪುರ ಏರಿಸಿದೆವು. ಒಂದು ವಾರದಲ್ಲಿ ನಾನು ಸಿದ್ದಲಿಂಗನ ಜೊತೆ ಜೊತೆಗೆ ಬಂದೆ. ಅವನು ನೆಲ ಡೊಂಕಿನ ಮಾತು ಮತ್ತೆ ಎತ್ತಲಿಲ್ಲ.

ಪರೀಕ್ಷೆಯ ದಿನ ಹೈದರಾಬಾದಿನಿಂದ ಒಬ್ಬ ಅಧಿಕಾರಿ ಬಂದರು. ಹಿರಿಯರು, ಕನ್ನಡಕ, ಮಾತು ಕಡಿಮೆ. ನಕ್ಷೆಯ ವಿಷಯ ಅವರೇ ಹೇಳಿದರು: ಗೋಪುರದಂಚು, ಒಂದು ಗಂಟೆ. ಕಂಪ್ಯೂಟರ್ ಆರೇ ಇದ್ದದ್ದರಿಂದ ಮೊದಲು ಗದ್ವಾಲಿನವರು ಬರೆದರು, ಆಗ ಅಧಿಕಾರಿ ಹೊರಗೆ ಕುಳಿತು ಕಾಗದಪತ್ರ ನೋಡುತ್ತಿದ್ದರು. ಆಮೇಲೆ ನಾವು, ಅವರೂ ಒಳಗೆ ಬಂದು ಕುಳಿತರು. ಮೈಲಾರನನ್ನು ನೆನೆದು ಶುರು ಮಾಡಿದೆ. ಬೆವರಿನಿಂದ ಇಲಿ ಜಾರುತ್ತಿತ್ತು. ಇದು ತಪ್ಪಿದರೆ ನಾಳೆ ಬೆಳಿಗ್ಗೆ ಮತ್ತೆ ಕುಣಿ, ಮತ್ತೆ ಆ ಮೊಣಕಾಲು, ಇನ್ನೆಷ್ಟು ವರ್ಷ ಎದ್ದು ನಿಲ್ಲಬಲ್ಲೆನೋ ಯಾರಿಗೆ ಗೊತ್ತು ಅಂತ ಹೆದರಿದ್ದೆ. ಕಾಲು ಮಾತ್ರ ಹೆದರಲಿಲ್ಲ. ಎಡ, ಬಲ, ಎಡ, ಬಲ. ಸ್ವಲ್ಪ ಹೊತ್ತಿಗೆ ಐದು ಜನರ ಕಾಲೂ ಒಂದೇ ಲಯಕ್ಕೆ ಬಂದವು, ಕುರ್ಚಿಗಳು ಕಿರ್ರ್ ಕಿರ್ರ್ ಅನ್ನತೊಡಗಿದವು.

ಅಧಿಕಾರಿ ತಲೆಯೆತ್ತಿ, "ಯೇ ಕಾಯ್ಕಾ ಆವಾಜ್ ಹೈ?" ಎಂದು ಸದ್ದಿನ ಮೂಲ ಕೇಳಿದರು. ಬಗ್ಗಿ ಮೇಜುಗಳ ಕೆಳಗೆ ನೋಡಿದರು. ಹತ್ತು ಕಾಲು. ನಾನು ಕಾಲು ನಿಲ್ಲಿಸಲು ನೋಡಿದೆ, ಕೈಯೂ ನಿಂತಿತು. ಮುಗಿಯಿತು ನಮ್ಮ ಕತೆ ಅಂದುಕೊಂಡೆ. ಮೇಡಂ ಎದ್ದು ನಿಂತು ಸ್ವಲ್ಪವೂ ಅಳುಕದೆ, ಮಗ್ಗ ನಡೆಯುತ್ತಿವೆ ಸ್ವಾಮಿ ಅಂತ ತೆಲುಗಿನಲ್ಲಿ ಹೇಳಿದರು. ಅಧಿಕಾರಿ ಇನ್ನೊಂದು ಸಲ ಬಗ್ಗಿ ನೋಡಿದರು. ಆಮೇಲೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತ ಕುಳಿತರು. ಅವರ ಬೂಟುಗಾಲೂ ಒಂದೆರಡು ಸಲ ಆಡಿತೆಂದು ಆಮೇಲೆ ವೆಂಕಟಸ್ವಾಮಿ ಆಣೆ ಮಾಡಿ ಹೇಳಿದ. ಅವನು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದ.

ಸಿದ್ದಲಿಂಗನ ನಕ್ಷೆ ನೋಡಲು ಭರ್ಜರಿಯಾಗಿತ್ತು. ಗೋಪುರಕ್ಕೆ ನೆರಳು, ಬೆಳಕು, ಕಳಸ, ಕಳಸದ ಮೇಲೆ ಹಾರುವ ಬಾವುಟ, ಒಳಗೊಂದು ಉರಿಯುವ ದೀಪ. ನನ್ನದು ಬೋಳು ಗೋಪುರ, ಬುಡದಿಂದ ತುದಿಗೆ ಒಂಬತ್ತು ಮೆಟ್ಟಿಲು. ಅಧಿಕಾರಿ ಎರಡನ್ನೂ ನೋಡಿ ಸಿದ್ದಲಿಂಗನಿಗೆ ಒಂದೇ ಪ್ರಶ್ನೆ ಕೇಳಿದರು: ಈ ಬಾವುಟ ಹಾರಿಸಲು ಎಷ್ಟು ಎಳೆ ಎತ್ತಬೇಕಪ್ಪಾ? ಅವನು ಮೇಡಂ ಮುಖ ನೋಡಿದ, ಮೇಡಂ ಫ್ಯಾನು ನೋಡಿದರು. ಹಾಗೆ ನಾರಾಯಣಪೇಟೆಯ ಕುರ್ಚಿ ನನ್ನದಾಯಿತು, ಗದ್ವಾಲಿನದು ವೆಂಕಟಸ್ವಾಮಿಯದು.

ಊರಿಗೆ ಬರುವ ಬಸ್ಸಿನಲ್ಲಿ ನಾನು ಅತ್ತೆ. ನಾಚಿಕೆಯೇನು, ಅತ್ತೆ. ಶಂಕ್ರಮ್ಮನಿಗೆ ಒಂದು ಕಿಲೋ ಬಾಲೂಷಾ ಮಿಠಾಯಿ ಕಟ್ಟಿಸಿಕೊಂಡಿದ್ದೆ. ಒಂಬತ್ತು ಆಕೆಯದೇ ಲೆಕ್ಕ, ಅದನ್ನು ಎದುರಿಗೆ ನಿಂತು ಹೇಳಬೇಕು ಅಂತ ಮಾತು ಕೂಡಿಸಿಕೊಳ್ಳುತ್ತ ಓಣಿಗೆ ತಿರುಗಿದೆ. ನಮ್ಮ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು.

ತರಬೇತಿಗೆ ಮುಂಚೆ ನಾನು ಅರ್ಧ ನೇಯ್ದು ಬಿಟ್ಟಿದ್ದ ಸೀರೆ ಅವತ್ತು ಬೆಳಿಗ್ಗೆಯವರೆಗೂ ಹಾಗೆಯೇ ಮಗ್ಗದ ಮೇಲಿತ್ತು. ಯಾರನ್ನಾದರೂ ಕೂಲಿಗೆ ಕರೆದಳೇ ಅಂತ ಒಳಗೆ ಕಾಲಿಟ್ಟೆ. ಕುಣಿಯ ಅಂಚಿನಲ್ಲಿ ಮಡಚಿದ ಕೌದಿ, ಅದರ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತ ಶಂಕ್ರಮ್ಮ. ಲಾಳಿ ಆ ಕಡೆ ಈ ಕಡೆ ಓಡುತ್ತಿದೆ. ನಾನು ಬಿಟ್ಟ ಕಡೆಯಿಂದ ಮೊಳಕ್ಕೂ ಹೆಚ್ಚು ನೇಯ್ದಿದ್ದಾಳೆ. ಎಲ್ಲಿ ನನ್ನ ಕೈ ನಿಂತಿತೋ ಅಲ್ಲಿಂದ ಅಂಚು ನೆಟ್ಟಗಾಗಿದೆ, ನೋಡಿದವರಿಗೆ ಗೆರೆ ಎಳೆದು ತೋರಿಸುವಷ್ಟು. ಅರ್ಜಿಗೆ ಅಂಟಿಸಿದ ಫೋಟೋ, ಇಸ್ತ್ರಿ ಅಂಗಿ, ನೀರಿನ ಡ್ರಮ್ಮು, ಮತ್ತೆ ಕುಣಿಗೆ ಇಳಿಯುತ್ತೇನೆ ಅಂದಾಗ ಬಿಳಿಚಿದ ಆ ಮುಖ. ಎಲ್ಲ ನನ್ನ ಮೊಣಕಾಲಿಗಾಗಿ ಅಂದುಕೊಂಡಿದ್ದೆನಲ್ಲ ಮಾರಾಯರೇ.

ಆಕೆ ಲಾಳಿ ನಿಲ್ಲಿಸಲಿಲ್ಲ. ಪಾಸಾದಿರೇನು ಅಂತ ಕೇಳಿದಳು. ಆದೆ ಅಂದೆ. ಹೌದಾ, ಛಲೋ ಆತು ಅಂದಳು. ಬಾಲೂಷಾ ಹಿಡಿದುಕೊಂಡೇ ನಿಂತು, ಇವತ್ತು ನಾನು ಫೇಲಾಗಿ ಬಂದಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದೆ. ಆಗ ಆಕೆಯ ಕಾಲು ನಿಂತವು. ನನ್ನನ್ನು ಒಮ್ಮೆ ನೋಡಿದಳು. ಇಪ್ಪತ್ತೆರಡು ವರ್ಷ ರಾಟಿಯ ಮುಂದೆ ಕುಳಿತು ನನ್ನನ್ನು ನೋಡಿದ ಕಣ್ಣು ಅದೇ, ಆದರೆ ಹಾಗೆ ನೋಡಿದ್ದು ನೆನಪಿಲ್ಲ.

"ಫೇಲ್ ಆಗಿ ಬಂದಿದ್ರೂ ನಾ ಏಳ್ತಿದ್ದಿಲ್ಲರಿ," ಅಂದಳು. "ಕಂಡಿಕಿ ತೀರಾಕ ಬಂದಾವ, ಕುಂದರ್ರಿ ಆ ರಾಟಿ ಮುಂದ."

ನಾನು ಕುಳಿತು ಸುತ್ತತೊಡಗಿದೆ.